ಹೊಸ ಪಂಪಿನ ಗದ್ದಲ

"ಮೂರು ಗಂಟೆಗೆ ನನ್ನ ಆನ್‌ಲೈನ್ ಕ್ಲಾಸು. ಅಷ್ಟರೊಳಗೆ ಈ ಸದ್ದು ನಿಲ್ಲದಿದ್ರೆ ಓನರ್‌ಗೆ ಫೋನ್ ಮಾಡ್ತೀನಿ ನೋಡಿ. ಎರಡು ದಿನ ಸಹಿಸ್ಕೊಂಡೆ, ಇನ್ನಾಗಲ್ಲ."

ಮೇಲಿನ ಮನೆಯ ಟೀಚರು ಬಾಗಿಲಲ್ಲಿ ನಿಂತೇ ಇಷ್ಟು ಹೇಳಿ ದಡದಡ ಮೆಟ್ಟಿಲೇರಿ ಹೋದರು. ಕೆಳಗಿನ ಮನೆಯಲ್ಲಿ ಮರದ ಅಕ್ಷರ ಕತ್ತರಿಸಿ ಬದುಕುವ ಅವಳು ಬಾಗಿಲು ಎಳೆದುಕೊಂಡಳು. ಬಾಡಿಗೆ ಮನೆಯ ಮುಂಗೋಣೆಯಲ್ಲಿ ಲೇಸರ್ ಕಟಿಂಗ್ ಯಂತ್ರ ಇಟ್ಟುಕೊಳ್ಳಲು ಓನರನ್ನು ಒಪ್ಪಿಸುವಷ್ಟರಲ್ಲೇ ಸಾಕುಸಾಕಾಗಿತ್ತು. ಒಂದೇ ಒಂದು ದೂರು ಹೋದರೆ ಯಂತ್ರ ಬೀದಿಗೆ, ಅದರ ಹಿಂದೆ ಅವಳ ಕಸುಬೂ ಬೀದಿಗೆ.

ಯಂತ್ರದ್ದೇನೂ ತಪ್ಪಿರಲಿಲ್ಲ. ತಪ್ಪೆಲ್ಲ ಅದರ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಗಾಳಿ ಪಂಪಿನದು. ಲೇಸರ್ ಕಿರಣ ಪ್ಲೈವುಡ್ಡನ್ನು ಸುಡುವ ಜಾಗಕ್ಕೆ ಅದು ಒಂದೇ ಸಮನೆ ಗಾಳಿ ಊದುತ್ತಿರಬೇಕು, ಇಲ್ಲದಿದ್ದರೆ ಮರಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ. ಹಳೆಯ ಪಂಪು ನಾಲ್ಕು ವರ್ಷ ಇದ್ದೂ ಇಲ್ಲದ ಹಾಗೆ ಊದಿ, ಹೋದ ವಾರ ಕಣ್ಣು ಮುಚ್ಚಿತು. ಅದರ ಜಾಗಕ್ಕೆ ಮೊನ್ನೆ ಬಂದ ಈ ಹೊಸದು, ಸ್ವಿಚ್ಚು ಒತ್ತಿದ ಗಳಿಗೆಯಿಂದ ಸೂರು ಹಾರಿಹೋಗುವ ಹಾಗೆ ಅರಚುತ್ತಿತ್ತು.

ಅವಳು ಮಾಡದ ಚಿಕಿತ್ಸೆಯಿರಲಿಲ್ಲ. ಕೆಳಗೆ ಹಳೆಯ ಹಾಸಿಗೆಯ ಸ್ಪಂಜು ಹಾಕಿದಳು. ಪೈಪು ಗೋಡೆಗೆ ತಾಗಿ ಅದುರುತ್ತಿದೆಯೇನೋ ಎಂದು ಎತ್ತಿ ಕಟ್ಟಿದಳು. ಮರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಅರ್ಧ ಗಂಟೆಯಲ್ಲಿ ಮುಟ್ಟಲಾಗದಷ್ಟು ಕಾಯಿತು. ಆಗಿದ್ದಾಗಲಿ ಎಂದು ಪಂಪು ಆರಿಸಿಯೇ ಕತ್ತರಿಸಲು ಹೋದಾಗ ಪ್ಲೈವುಡ್ಡಿನ ಮೇಲೆ ಗೇಣುದ್ದದ ಜ್ವಾಲೆ ಎದ್ದು, ಒದ್ದೆ ಬಟ್ಟೆ ಬಡಿದು ಆರಿಸಬೇಕಾಯಿತು. ಪಂಪಿನ ಜೊತೆ ಬಂದಿದ್ದ ಚೀಟಿಯನ್ನಂತೂ ಓದದೆಯೇ ಕಸದ ಬುಟ್ಟಿಗೆ ಎಸೆದಿದ್ದಳು. ಜುಜುಬಿ ಒಂದು ಪಂಪು ಜೋಡಿಸುವುದಕ್ಕೂ ಓದಬೇಕೇ ಎಂಬ ಜಂಭ.

ಇದೆಲ್ಲದರ ನಡುವೆ ಅಪ್ಪ ಬೇರೆ. ನೂಲಿನ ಗಿರಣಿಯಲ್ಲಿ ಮೂವತ್ತೆರಡು ವರ್ಷ ದುಡಿದು ಎರಡೂ ಕಿವಿ ಕಳೆದುಕೊಂಡ ಮನುಷ್ಯ. ಎದುರಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಎಂಟು ವರ್ಷದಿಂದ ಒಳಕೋಣೆಯ ಕಿಟಕಿ ಬಿಟ್ಟು ಕದಲದವರು, ಈ ಪಂಪು ಬಂದಿದ್ದೇ ತಡ, ಸ್ಟೂಲು ಹಾಕಿಕೊಂಡು ಅದರ ಪಕ್ಕದಲ್ಲೇ ಠಿಕಾಣಿ ಹೂಡಿದ್ದರು. ಮೇಸ್ತ್ರಿಯ ಹಾಗೆ ಕೂತು ತನ್ನ ಫಜೀತಿ ನೋಡುತ್ತಿದ್ದಾರಲ್ಲ ಎಂದು ಅವಳಿಗೆ ಒಳಗೊಳಗೇ ಉರಿ.

"ಅಪ್ಪ, ಸ್ವಲ್ಪ ಆ ಕಡೆ ಸರ್ಕೋ."

"ಏನು?"

ಅವಳು ಅವರ ಮುಖಕ್ಕೆ ಮುಖ ಕೊಟ್ಟು ಬಿಡಿಸಿ ಬಿಡಿಸಿ ಹೇಳಿದಳು: "ಮೂರು ಗಂಟೆ ಒಳಗೆ ಈ ಸದ್ದು ನಿಲ್ಲಿಸ್ಬೇಕು. ಇಲ್ದಿದ್ರೆ ಓನರ್ ಮಿಷನ್ನೇ ಹೊರಗೆ ಹಾಕ್ಸ್ತಾರೆ."

"ಹೊರಗೆ ಹಾಕ್ಸಿದ್ರೆ ನಿನ್ ಕೆಲ್ಸ?"

"ಇನ್ನೆಲ್ಲಿ ಕೆಲ್ಸ? ಗೋವಿಂದ!"

ಗೋಡೆಯ ಗಡಿಯಾರ ಎರಡೂವರೆ ದಾಟಿತ್ತು. ಶಾಲೆಯೊಂದಕ್ಕೆ ಸಂಜೆಯೊಳಗೆ ತಲುಪಿಸಬೇಕಾದ ಮರದ ಅಕ್ಷರಗಳು ಅರ್ಧಕ್ಕೇ ನಿಂತಿದ್ದವು. ಅವಳು ಕೂರಲಾರದೆ ನಿಲ್ಲಲಾರದೆ ಸ್ಪ್ಯಾನರ್ ಹಿಡಿದು ಯಂತ್ರವನ್ನು ಸುತ್ತಿದಳು. ಬಿಗಿಯಾಗಿದ್ದ ನಟ್ಟುಗಳನ್ನೇ ಮತ್ತೆ ಬಿಗಿ ಮಾಡಿದಳು. ಕಿಟಕಿ ಮುಚ್ಚಿದಳು, ಸೆಕೆಯೆಂದು ತೆರೆದಳು, ಸದ್ದು ಹೊರಗೆ ಹೋಗುತ್ತದೆಂದು ಮತ್ತೆ ಮುಚ್ಚಿದಳು. ಅಪ್ಪ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ಪಂಪಿನ ಬೆನ್ನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು.

"ಆರಿಸು," ಎಂದರು.

ಪಂಪನ್ನು ಮಗುಚಿ, ತಳದ ಮೇಲೆ ಬೆರಳಾಡಿಸಿ ತೋರಿಸಿದರು. ನಾಲ್ಕು ಮೂಲೆಗೆ ನಾಲ್ಕು ಕೆಂಪು ಸ್ಕ್ರೂ.

"ಲಾರಿಯಲ್ಲಿ ಬರೋವಾಗ ಅಲುಗಾಡದೆ ಇರ್ಲಿ ಅಂತ ಹಾಕಿರ್ತಾರೆ. ಬಂದ್ಮೇಲೆ ಬಿಚ್ಚಬೇಕು. ಒಳಗಿರೋ ಮೋಟ್ರು ರಬ್ಬರ್ ಮೇಲೆ ಕುಣೀಬೇಕಲ್ವಾ? ನೀನು ಕೈಕಾಲು ಕಟ್ಹಾಕಿ ಕುಣಿ ಅಂದ್ರೆ ಅದು ಅರಚದೆ ಇನ್ನೇನ್ಮಾಡುತ್ತೆ?"

ಅವಳು ನಾಲ್ಕನ್ನೂ ಬಿಚ್ಚಿ ಸ್ವಿಚ್ಚು ಒತ್ತಿದಳು. ಏನೂ ಕೇಳಿಸಲಿಲ್ಲ. ಇದ್ದದ್ದೂ ಕೆಟ್ಟಿತೇನೋ ಎಂದು ಗಾಬರಿಯಾಗಿ ಪೈಪಿನ ಬಾಯಿಗೆ ಬೆರಳು ಹಿಡಿದರೆ ಗಾಳಿ ರಭಸದಿಂದ ಬಡಿಯಿತು. ಯಂತ್ರ ಓಡಿಸಿದಳು. ಜ್ವಾಲೆಯಿಲ್ಲದೆ ಒಂದು ಅಕ್ಷರ ಅಂಚು ಕಪ್ಪಾಗದಂತೆ ಕತ್ತರಿಸಿ ಬಂತು. ಮೇಲಿನಿಂದ ಟೀಚರು, "ಥ್ಯಾಂಕ್ಸ್ ರೀ, ಈಗ ಆರಾಮಾಯ್ತು!" ಎಂದು ಕೂಗಿದರು.

ಅವಳಿಗೆ ಹೋದ ಜೀವ ಬಂದಂತಾಯಿತು. ಜೀವದ ಜೊತೆಗೆ, ತಡೆದುಕೊಂಡಿದ್ದ ಸಿಟ್ಟೂ ಬಂತು. ನೇರ ಹೋಗಿ ಅಪ್ಪನೆದುರು ನಿಂತಳು.

"ಎರಡು ದಿನದಿಂದ ಇದರ ಪಕ್ಕದಲ್ಲೇ ಕೂತಿದ್ದೀಯಲ್ಲಪ್ಪ, ಮೊದ್ಲೇ ಹೇಳೋಕೇನಾಗಿತ್ತು ನಿಂಗೆ? ನಾನಿಲ್ಲಿ ತಲೆ ಚಚ್ಕೊಳ್ತಾ ಇದ್ದೆ!"

ಅಪ್ಪ ಅವಳ ತುಟಿಯಿಂದ ಕಣ್ಣು ತೆಗೆದು ಪಂಪಿನ ಕಡೆ ನೋಡಿದರು.

"ಓಡ್ತಾ ಇದೆಯಾ?" ಎಂದು ಕೇಳಿದರು.

ಅವಳು ಹೌದೆಂದು ತಲೆಯಾಡಿಸಿದಳು. ಅವರು ಮೊಣಕಾಲಿಗೆ ಕೈಯೂರಿ ಮೆಲ್ಲಗೆ ಎದ್ದು, ಒಳಕೋಣೆಯ ಕಡೆ ತಿರುಗಿದರು.

"ನಿನ್ನೆ ಬೆಳಿಗ್ಗೇನೇ ಗೊತ್ತಾಗಿತ್ತು ಕಣಮ್ಮ. ಎಂಟು ವರ್ಷ ಆದ್ಮೇಲೆ ಕಿವಿಗೆ ಒಂದು ಸದ್ದು ಬಿದ್ದಿತ್ತು. ಇನ್ನೊಂದು ದಿನ ಕೇಳೋಣ ಅಂತ ಸುಮ್ನಿದ್ದೆ."