ಪಂಕಜಮ್ಮನ ಓಟಿಪಿ

"ಅಮ್ಮಾ, ಇವತ್ತಾದ್ರೂ ಓಟಿಪಿ ಹೇಳ್ಬಿಡಿ," ಎಂದು ಫ್ರಿಜ್ ಕಂಪನಿಯ ಮೆಕ್ಯಾನಿಕ್ ಬಾಗಿಲಲ್ಲೇ ನಿಂತು ಗೋಗರೆದ. "ಅದಿಲ್ಲದೆ ಕಂಪ್ಲೇಂಟ್ ಕ್ಲೋಸ್ ಆಗಲ್ಲ. ಮ್ಯಾನೇಜರ್ ದಿನಾ ಉಗೀತಾರೆ."

ಪಂಕಜಮ್ಮ ಜಗ್ಗಲಿಲ್ಲ. "ಹೋದ ವರ್ಷ ವಾಷಿಂಗ್ ಮೆಷಿನ್ ಕೆಟ್ಟಾಗ ನಿಮ್ಮ ಕಂಪನಿಯೋನೇ ಒಬ್ಬ ಬಂದಿದ್ದ. ಓಟಿಪಿ ಹೇಳಿದ್ರೇನೇ ಕೆಲಸ ಶುರು ಅಂದ. ಹೇಳಿದೆ. ಸ್ಪೇರ್ ತರ್ತೀನಿ ಅಂತ ಹೋದೋನು ಪತ್ತೆಯೇ ಇಲ್ಲ. 'ನಿಮ್ಮ ಸಮಸ್ಯೆ ಬಗೆಹರಿದಿದೆ, ಧನ್ಯವಾದ' ಅಂತ ಮೆಸೇಜ್ ಮಾತ್ರ ಬಂತು. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತ ಹೇಳಿ ಸಂಗೀತ ಕೇಳಿಸ್ತಾರೆ. ಇವತ್ತಿಗೂ ಬಟ್ಟೆ ಕಲ್ಲಿನ ಮೇಲೇ ಒಗೀತಿದೀನಿ. ಅದಕ್ಕೇ ಈ ಸಲ ಕೆಲಸ ಮುಗಿಯೋವರೆಗೂ ಓಟಿಪಿ ಬಾಯಿಬಿಡಲ್ಲ."

"ಅವನು ಮಾಡಿದ್ದಕ್ಕೆ ನನಗ್ಯಾಕಮ್ಮ ಶಿಕ್ಷೆ? ನಾನು ಫ್ರಿಜ್ಜಿಗೆ ಬಂದೋನು."

"ಓಟಿಪಿ ಬೇಕಾದ್ರೆ ಮೊದಲು ವಾಷಿಂಗ್ ಮೆಷಿನ್ ನೋಡು."

ಅವನು ಹಲ್ಲು ಕಚ್ಚಿಕೊಂಡು ಒಳಗೆ ಬಂದ. ಬಚ್ಚಲುಮನೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಮೆಷಿನ್ನಿನ ಹಿಂಬದಿ ಬಿಚ್ಚಿದ. ಬಹಳ ಹೊತ್ತಿನ ಮೇಲೆ ಅದು ಗರ್ ಎಂದು ತಿರುಗಿತು.

"ನೋಡಿ, ಸರಿಯಾಯ್ತು. ಈಗ್ಲಾದ್ರೂ ಹೇಳಿ."

"ಹೇಳ್ತೀನಪ್ಪ, ನಾನೇನು ಓಡಿಹೋಗ್ತೀನಾ? ಆ ಮಿಕ್ಸಿ ಒಂದು ನೋಡ್ಬಿಡು. ಪಾಪ, ಬೆವೆತುಹೋಗಿದೀಯ, ಮೊದಲು ಪಾನಕ ಕುಡಿ."

ಪಂಕಜಮ್ಮ, ಹೋದ ವಾರವೇ ಅವನು ರಿಪೇರಿ ಮಾಡಿಕೊಟ್ಟಿದ್ದ ಫ್ರಿಜ್ಜಿನ ಬಾಗಿಲು ತೆಗೆದು, ಲೋಟಕ್ಕೆ ಎರಡು ಐಸ್ ತುಂಡು ಹಾಕಿದರು.