ಗೀರು ಬೀಳದ ಸ್ನೋ ಬ್ಲೋವರ್

ಮನಾಲಿಯಲ್ಲಿ ಒಂದು ಪುಟ್ಟ ಉಡುಪಿ ಹೋಟೆಲ್. ಮಾಲೀಕರು ಕುಂದಾಪುರ ಕಡೆಯ ಸಂಜೀವ ಶೆಟ್ಟರು... ಅಪ್ಪಟ ಒಳ್ಳೆಯ ಮನುಷ್ಯ.

ಅವರಿಗಿದ್ದದ್ದು ಒಂದೇ ಕಾಯಿಲೆ. ಹೊಸ ವಸ್ತು ಹೊಸದಾಗಿಯೇ ಇರಬೇಕು.

ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಕವರ್. ಸೋಫಾಗೂ ಕವರ್. ಆ ಕವರ್ ಕೊಳೆಯಾಗಬಾರದೆಂದು ಅದರ ಮೇಲೊಂದು ಬೆಡ್‌ಶೀಟ್...

ಒಂದು ಚಳಿಗಾಲ ಅವರ ಹೆಂಡತಿ ಗುಲಾಬಿ ಬಾಗಿಲೆದುರಿನ ಹಿಮದಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಶೆಟ್ಟರ ಕರುಳು ಚುರುಕ್ ಎಂದಿತು.

ಕೂಡಲೇ ಒಂದು ಸ್ನೋ ಬ್ಲೋವರ್ ತರಿಸಿದರು. ತಳ್ಳಿಕೊಂಡು ಹೋದರೆ ದಾರಿಯ ಹಿಮವನ್ನು ಬಾಚಿ ದೂರಕ್ಕೆ ಎಸೆಯುವ ಪೆಟ್ರೋಲ್ ಯಂತ್ರ.

ಮೆಕ್ಯಾನಿಕ್ ಬಂದು ಹ್ಯಾಂಡಲ್ ಜೋಡಿಸಿದ, ಎಂಜಿನ್ ಆಯಿಲ್ ಸುರಿದ, ಪೆಟ್ರೋಲ್ ತುಂಬಿಸಿ ಸ್ಟಾರ್ಟ್ ಮಾಡಿ ತೋರಿಸಿದ. ಆಗಾಗ ಓಡಿಸುತ್ತಿರಿ, ಚಳಿಗಾಲ ಮುಗಿದ ಮೇಲೆ ಪೆಟ್ರೋಲ್ ಖಾಲಿ ಮಾಡಿಡಿ ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದ.

ಶೆಟ್ಟರು ಎರಡೆರಡು ಸಲ ತಲೆಯಾಡಿಸಿದರು.

ಅವನು ಹೋದ ಮೇಲೆ ಯಂತ್ರಕ್ಕೆ ಕುಂಕುಮ ಹಚ್ಚಿ, ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಒಂದು ಗೇಣು ಮುಂದೆ ತಳ್ಳಿದರು. ರಸ ತಾಗಿದ ಟೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು.

ಆಮೇಲೆ ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಕಂಬಳಿ ಹೊದೆಸಿ, ಸ್ಟೋರ್ ರೂಮಿನಲ್ಲಿಟ್ಟು ಬೀಗ ಹಾಕಿದರು.

ಮತ್ತೆ ಹಿಮ ಬಿದ್ದಾಗ ಶೆಟ್ಟರು ಹಳೇ ಸಲಿಕೆ ಹಿಡಿದು ಹೊರಗೆ ನಿಂತಿದ್ದರು. ಗುಲಾಬಿ ಕಿಟಕಿಯಿಂದ ಕೇಳಿದರು, "ಎಂತ ಮಾರಾಯ್ರೆ, ಮಿಷನ್ ಒಳ್ಗ್ ಬೆಚ್ಚಗಿತ್ತ್. ನೀವ್ ಹೊರ್ಗ್ ನಡ್ಗ್ತಾ ಇದ್ರಿ?"

"ಇಷ್ಟ್ ಸಣ್ಣ ಹಿಮಕ್ಕೆಲ್ಲ ಅದನ್ನ್ ತೆಗುದಾ? ಗೀರ್ ಬೀಳತ್ತ್. ದೊಡ್ಡ ಹಿಮ ಬರ್ಲಿ."

ವರ್ಷ ಉರುಳಿತು... ದೊಡ್ಡ ಹಿಮವೂ ಬಂತು. ಬರಬಾರದ ದಿನವೇ ಬಂತು.

ಅಂದು ಗುಲಾಬಿಯ ಅಕ್ಕ ಜಲಜಕ್ಕ ಟೂರ್ ಬಸ್ಸಿನಲ್ಲಿ ಆ ದಾರಿಯಾಗಿ ಹೋಗುವವರಿದ್ದರು. ಊರಿನಲ್ಲಿ ಮದುವೆ ಸೀಸನ್ ಎಂದರೆ ಮನಾಲಿಯಲ್ಲಿ ಹೋಟೆಲ್ ಸೀಸನ್. ಹಾಗಾಗಿ ಅಕ್ಕ ತಂಗಿ ಮುಖ ನೋಡದೆ ವರ್ಷಗಳೇ ಕಳೆದಿದ್ದವು.

ಅಕ್ಕನಿಗೆ ಮಂಡಿನೋವು. ಇನ್ನೊಮ್ಮೆ ಇಷ್ಟು ದೂರ ಬರುವ ಮಾತೇ ಇಲ್ಲ.

ಗುಲಾಬಿ ಬೆಳಿಗ್ಗೆಯೇ ಗೋಳಿಬಜೆ ಕರಿದು ಡಬ್ಬಿಗೆ ತುಂಬಿದರು. ಬಾಗಿಲು ತೆಗೆದರೆ ರಸ್ತೆಯವರೆಗಿನ ಓಣಿಯಲ್ಲಿ ಸೊಂಟದೆತ್ತರ ಹಿಮ.

ಅಷ್ಟರಲ್ಲಿ ಅಕ್ಕನ ಫೋನ್. ಬಸ್ ಕೆಳಗಿನ ರಸ್ತೆಯಲ್ಲಿ ನಿಂತಿದೆ. ಮತ್ತೆ ಹಿಮ ಬೀಳುವ ಮೊದಲೇ ಘಾಟಿ ಇಳಿಯಬೇಕು, ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸುವುದಿಲ್ಲ ಎನ್ನುತ್ತಿದ್ದಾನೆ ಡ್ರೈವರ್.

ಶೆಟ್ಟರು ಮೀಸೆ ತಿರುವಿದರು. "ಹೆದ್ರಬೇಡ. ಇವತ್ತಿಗೇ ಅಲ್ದಾ ಇಟ್ಟದ್ದ್."

ಗುಲಾಬಿ ಕತ್ತರಿ ತಂದರು. "ಹ್ವಾಯ್, ಪ್ಲಾಸ್ಟಿಕ್ ಹರಿಬೇಡ, ವಾಪಸ್ ಸುತ್ತುಕೆ ಬೇಕ್," ಎಂದು ಶೆಟ್ಟರು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು.

ಯಂತ್ರ ಮದುಮಗಳ ಹಾಗೆ ಹೊಳೆಯುತ್ತಿತ್ತು. ಹಗ್ಗ ಎಳೆದರು. ಗುರ್... ಅಷ್ಟೇ.

ಮತ್ತೆ ಎಳೆದರು. ಊರ ದೈವಕ್ಕೆ ಹರಕೆ ಹೇಳಿಕೊಂಡು ಎಳೆದರು. ಈ ಬಾರಿ ಗುರ್ ಎನ್ನುವುದೂ ನಿಂತಿತು.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ಪೆಟ್ರೋಲ್ ಯಾವಾಗಿನದು ಎಂದು ಕೇಳಿದ.

"ನೀನೇ ಹಾಕಿದ್ದು. ಒಂದು ಹನಿಯೂ ಖರ್ಚಾಗಿಲ್ಲ," ಎಂದರು ಶೆಟ್ಟರು, ಹೆಮ್ಮೆಯಿಂದ.

ಆ ಕಡೆ ಅವನು ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು... ಆಮೇಲೆ ಹೇಳಿದ. ಹಳೇ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿದೆ, ಬಿಚ್ಚಿ ತೊಳೆಯದೆ ಎಂಜಿನ್ ಏಳುವುದಿಲ್ಲ. ನಾನು ಬರಬೇಕೆಂದರೆ ಮೊದಲು ನಿಮ್ಮ ಓಣಿಯ ಹಿಮ ತೆಗೆಯಬೇಕು.

ಗುಲಾಬಿ ಬೈದಿದ್ದರೂ ಶೆಟ್ಟರು ತಡೆದುಕೊಳ್ಳುತ್ತಿದ್ದರು. ಆದರೆ ಆಕೆ ಡಬ್ಬಿ ಹಿಡಿದುಕೊಂಡು ಮೆಲ್ಲಗೆ, "ಹಂಗಾರೆ ಅಕ್ಕನ್ನ ಕಾಂಬುಕೆ ಆತಿಲ್ಯಾ?" ಎಂದರು.

ಹೆಂಡತಿಗಾಗಿ ತಂದ ಯಂತ್ರವನ್ನು ಹೆಂಡತಿಗಿಂತ ಹೆಚ್ಚು ಜೋಪಾನ ಮಾಡಿದ್ದೆನಲ್ಲ ಎಂದು ಶೆಟ್ಟರಿಗೆ ನಾಚಿಕೆಯಾಯಿತು. ಹಳೇ ಸಲಿಕೆ ಎತ್ತಿಕೊಂಡರು.

ಗುಲಾಬಿ ಅಟ್ಟ ಹತ್ತಿದರು. ಮದುವೆಗೆ ಉಡುಗೊರೆಯಾಗಿ ಬಂದ ದೊಡ್ಡ ಸ್ಟೀಲ್ ಪರಾತ, ಅಗಲದ ಹರಿವಾಣ, ಇಳಿಸಿಕೊಂಡು ಬಂದರು. ಅಷ್ಟು ವರ್ಷವಾದರೂ ಅದರ ಸ್ಟಿಕ್ಕರ್ ಸಹ ಕಿತ್ತಿರಲಿಲ್ಲ... ಗಂಡನಿಗೆ ತಕ್ಕ ಹೆಂಡತಿ.

ಆ ಪರಾತವನ್ನು ಹಿಮಕ್ಕೆ ನುಗ್ಗಿಸಿದರು. ಅಡಿಯ ಕಲ್ಲಿಗೆ ಉಜ್ಜಿ ಕರ್ ಎಂದಿತು, ಅಂಚು ಸೊಟ್ಟಗಾಯಿತು. ಶೆಟ್ಟರು ಕಣ್ಣು ಮುಚ್ಚಿಕೊಂಡರು, ಆದರೆ ಬೇಡ ಎನ್ನಲಿಲ್ಲ.

ಏದುಸಿರು ಬಿಡುತ್ತಾ ಇಬ್ಬರೂ ರಸ್ತೆ ಮುಟ್ಟಿದಾಗ ಅರ್ಧ ಗಂಟೆ ಯಾವಾಗಲೋ ಮೀರಿತ್ತು. ಆದರೂ ಬಸ್ ನಿಂತೇ ಇತ್ತು.

ಬಸ್ಸಿನ ಮೆಟ್ಟಿಲ ಮೇಲೆ ಜಲಜಕ್ಕ ಕುಳಿತಿದ್ದರು. "ನಾನ್ ಏಳುದಿಲ್ಲೆ. ಅದೆಂತ ಬಾಗ್ಲ್ ಹಾಕ್ತೆ, ಹಾಕ್ ಕಾಂಬ," ಎಂದು ಡ್ರೈವರ್‌ಗೆ ಹೇಳುತ್ತಿದ್ದರು.

ಅಕ್ಕ ತಂಗಿ ತಬ್ಬಿಕೊಂಡರು. ಆಮೇಲೆ ಜಲಜಕ್ಕ ಚೀಲದಿಂದ ಒಂದು ಶಾಲು ತೆಗೆದರು. ಹಿಂದೆ ಗುಲಾಬಿಯೇ ಕಳಿಸಿದ್ದ ಕುಲ್ಲು ಶಾಲು. "ಇದನ್ನ್ ನಿನ್ನೆದ್ರಿಗೇ ಹೊದ್ಕಣ್ಕ್ ಅಂತ ಮಡ್ಚಿದ್ದ್ ಮಡ್ಚಿದ ಹಾಂಗೆ ತಂದಿದೆ."

ಕೊಡವಿ ಬಿಡಿಸಿದರು. ಶಾಲಿನ ತುಂಬ ನುಸಿ ತಿಂದ ತೂತು... ಅದರಾಚೆಗೆ ಬಸ್ಸಿನವರೆಲ್ಲ ಕಾಣುತ್ತಿದ್ದರು.

ಎಲ್ಲರೂ ತೂತು ನೋಡಿದರು, ಮುಖ ಮುಖ ನೋಡಿಕೊಂಡರು. ಆಮೇಲೆ ನಕ್ಕರು ನೋಡಿ... ಶೆಟ್ಟರೂ ಸೇರಿ, ಕಣ್ಣಲ್ಲಿ ನೀರು ಬರುವಷ್ಟು. ನಗುನಗುತ್ತಲೇ ಗುಲಾಬಿಯ ನಗು ಅಳುವಾಯಿತು.

ಜಲಜಕ್ಕ ಆ ತೂತಿನ ಶಾಲನ್ನೇ ತಂಗಿಗೂ ತನಗೂ ಸೇರಿಸಿ ಹೊದೆಸಿದರು. "ಒಳ್ಳೆ ದಿನ ಬರ್ಲಿ ಅಂತ ಇಟ್ಟದ್ದ್ ಹೆಣ್ಣೆ... ಬಂತಲೆ. ಇವತ್ತೇ ಒಳ್ಳೆ ದಿನ."

ಡ್ರೈವರ್ ಎಂಜಿನ್ ಆಫ್ ಮಾಡಿ ಗೋಳಿಬಜೆಗೆ ಕೈ ಚಾಚಿದ.

ಕಾರ್ಬುರೇಟರ್ ತೊಳೆಸಿದ್ದಾಯಿತು. ಈಗ ಹಿಮ ಬಿದ್ದರೆ ಶೆಟ್ಟರ ಸ್ನೋ ಬ್ಲೋವರ್ ಅಕ್ಕಪಕ್ಕದ ಓಣಿಗಳಲ್ಲೂ ಗುಡುಗುತ್ತದೆ. ಚಳಿಗಾಲ ಮುಗಿದೊಡನೆ ಪೆಟ್ರೋಲ್ ಖಾಲಿ ಮಾಡುತ್ತಾರೆ, ಆಯಿಲ್ ಬದಲಿಸುತ್ತಾರೆ. ಮೈತುಂಬ ಗೀರು... ಬಂದವರಿಗೆಲ್ಲ ತೋರಿಸುತ್ತಾರೆ.

ಹೋಟೆಲಿನಲ್ಲಿ ಗೋಳಿಬಜೆ ಬರುವುದು ಆ ಸೊಟ್ಟ ಪರಾತದಲ್ಲೇ.

ಪ್ಲಾಸ್ಟಿಕ್ ಮಾತ್ರ ಶೆಟ್ಟರು ಮಡಚಿ ಇಟ್ಟಿದ್ದಾರೆ. ಹುಟ್ಟುಗುಣ, ಏನು ಮಾಡುವುದು.

*ಎತ್ತಿಟ್ಟ ವಸ್ತುವಿಗೂ ವಯಸ್ಸಾಗುತ್ತದೆ... ಎತ್ತಿಟ್ಟ ಪ್ರೀತಿಗೂ.*

ನಿಮ್ಮ ಅಟ್ಟದ ಮೇಲೆ ಏನು ಒಳ್ಳೆಯ ದಿನಕ್ಕಾಗಿ ಕಾಯುತ್ತಾ ಕುಳಿತಿದೆ? ಆ ದಿನ ಇವತ್ತೇ ಯಾಕಾಗಬಾರದು?