ಕ್ಲೈಮ್ಯಾಕ್ಸ್ ಸಪ್ಪೆ

"ಕ್ಲೈಮ್ಯಾಕ್ಸ್ ಸಪ್ಪೆ. ಎರಡು ಸ್ಟಾರ್ ಕೊಟ್ಟರೂ ದಂಡ" ಎಂದು ಬಸ್ಸಿನಲ್ಲೇ ಸಿನಿಮಾದ ಪೋಸ್ಟರಿನ ಜೊತೆ ಸ್ಟೇಟಸ್ ಹಾಕಿ, ಮನೋಹರ ಸಿಟ್ಟಿನಿಂದ ಫೋನನ್ನು ಜೇಬಿಗೆ ತುರುಕಿದ. ಯಾವ ಸಿನಿಮಾ ಆದರೂ ಇದೇ ಹಣೆಬರಹ. ಮುಗಿಸಬೇಕಾದ ಹೊತ್ತಿಗೆ ಹೊಡೆದಾಟ ಶುರು ಮಾಡುತ್ತಾರೆ. ಇವನು ಶಿರಸಿಯ ಟಾಕೀಸಿನಿಂದ ಎದ್ದುಬಿದ್ದು ಓಡದಿದ್ದರೆ ಹುಲಗೋಳದ ಕೊನೆಯ ಬಸ್ಸು ಹೋಗಿಯೇಬಿಡುತ್ತದೆ.

"ಇವತ್ತೂ ಮುಗಿಯೋ ಮುಂಚೇನೇ ಎದ್ದು ಬಂದ್ಯಾ?" ಕಂಡಕ್ಟರ್ ನಕ್ಕ.

"ಕೊನೆಗೆ ಎಂತ ಇರ್ತದೆ ಮಾರಾಯ್ರೇ? ನೋಡದಿದ್ರೂ ಗೊತ್ತಾಗ್ತದೆ."

ಫೋನು ಗುಂಯ್‌ಗುಟ್ಟಿತು. ನಾಟಕದ ಹುಚ್ಚು ಹಚ್ಚಿಕೊಂಡಿದ್ದ ಪಕ್ಕದ ಮನೆಯ ರಕ್ಷಿತಾ ಅವನ ಸ್ಟೇಟಸ್ಸಿಗೆ ಉತ್ತರಿಸಿದ್ದಳು:

"ಮನೋಹರಣ್ಣಾ, ಕೊನೇ ಸೀನಲ್ಲಿ ಅಪ್ಪನ ಹೆಣದ ಮುಂದೆ ಕೂತವಳು ನಾನೇ. ಊರಲ್ಲಿ ಯಾರಿಗೂ ಹೇಳಿರಲಿಲ್ಲ. ನೀನೇ ಮೊದಲು ಗುರುತು ಹಿಡೀತೀಯ ಅಂತ ಕಾಯ್ತಾ ಇದ್ದೆ. ಅಷ್ಟು ಸಪ್ಪೆ ಮಾಡಿದ್ನಾ?"